ತೋಟಾದ ಹಿತ್ತಾಳೆ ಬಿರಿಯುವುದೇಕೆ?

ರೈಫಲ್ಲಿನ ತೋಟಾದಲ್ಲಿ ಗುಂಡು, ಮದ್ದು, ಕೇಪು ಈ ಮೂರನ್ನೂ ಒಂದುಗೂಡಿಸಿ ಹಿಡಿದಿರುವುದು ಹಿತ್ತಾಳೆಯ ಕೋಶ. ನೂರಕ್ಕೆ ಸುಮಾರು 70 ಪಾಲು ತಾಮ್ರ, 30 ಪಾಲು ಸತುವು ಬೆರೆತ ಲೋಹವಿದು. ಮದ್ದು ಉರಿದಾಗ ಒಳಗಿನ ಒತ್ತಡವು ವಾಯುಮಂಡಲದ ಒತ್ತಡದ 3000 ಮಡಿಯನ್ನೂ ಮೀರುವುದುಂಟು. ಆಗ ಕೋಶವು ಹಿಗ್ಗಿ, ಕೋವಿಯ ಗೂಡಿನ ಗೋಡೆಗೆ ಒತ್ತಿಕೊಂಡು, ಅನಿಲವು ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಒತ್ತಡ ಇಳಿದೊಡನೆ ತುಸು ಕುಗ್ಗಿ ಹೊರಬರುತ್ತದೆ. ಈ ತಡೆ ಮುರಿದರೆ ಕಾದ ಅನಿಲವು ಹಾರಿಸಿದವನ ಮುಖದತ್ತಲೇ ನುಗ್ಗೀತು. ಆದಕಾರಣ, ಅಮೆರಿಕದಂಥ ದೇಶಗಳಲ್ಲಿ ಬಳಸಿದ ಕೋಶಕ್ಕೆ ಕೈಯಾರೆ ಮತ್ತೆ ಮದ್ದು ತುಂಬುವವರು, ಪರೀಕ್ಷೆಗಾಗಿ ಹಾರಿಸಿದ ಒಂದೊಂದು ಕೋಶವನ್ನೂ ವೈದ್ಯನು ರೋಗಿಯನ್ನು ನೋಡುವಂತೆ ನೋಡುತ್ತಾರೆ.

ಬಿರುಕು ಕಂಡೊಡನೆ ಮದ್ದು ಹೆಚ್ಚಾಯಿತೆಂದು ಹೇಳಿಬಿಡುವುದು ಅವಸರದ ಮಾತು. ಮದ್ದಿನ ಒತ್ತಡ ಮಿತಿಮೀರಿದ್ದರೆ ಅದರ ಗುರುತು ಕಾಣುವುದು ಬುಡದಲ್ಲಿ: ಬುಡ ಹಿಗ್ಗಿ, ಕೇಪು ಕೂರುವ ಕುಳಿ ಸಡಿಲವಾಗಿರುತ್ತದೆ. ಬುಡದಿಂದ ತುಸು ಮೇಲೆ ಕೋಶದ ಸುತ್ತಲೂ ಉಂಗುರದಂತೆ ಹೊಳೆಯುವ ಗೆರೆ ಮೂಡಿದ್ದರೆ ಕಾರಣ ಬೇರೆ. ಕೋವಿಯ ಗೂಡು ಕೋಶಕ್ಕಿಂತ ಉದ್ದವಾಗಿದ್ದಾಗ ಕೋಶವು ಹಾರಿಸಿದಾಗಲೆಲ್ಲ ಎಳೆದುಕೊಳ್ಳುತ್ತದೆ. ಆ ಜಾಗದಲ್ಲಿ ಗೋಡೆ ತೆಳುವಾಗುತ್ತದೆ. ತುದಿ ಬಗ್ಗಿಸಿದ ಸಣ್ಣ ತಂತಿಯನ್ನು ಒಳಗೋಡೆಯ ಉದ್ದಕ್ಕೂ ಎಳೆದರೆ ಅದು ಅಲ್ಲಿನ ತಗ್ಗಿಗೆ ಸಿಕ್ಕುವುದು. ಅಂಥ ಕೋಶವನ್ನು ಎಸೆಯಬೇಕು. ಮತ್ತೊಮ್ಮೆ ಹಾರಿಸಿದರೆ ಅದು ಎರಡು ತುಂಡಾದೀತು.

ಕತ್ತಿನಲ್ಲಿ ಉದ್ದಕ್ಕೆ ಸೀಳಿದ ಬಿರುಕು ಇನ್ನೂ ಕುತೂಹಲದ್ದು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದಂತೆಲ್ಲ ಅದು ಪೆಡಸಾಗಿ ಮುರಿಯುವುದನ್ನು ಓದುಗರು ಬಲ್ಲರು. ಹಲವು ಬಾರಿ ಹಿಗ್ಗಿ, ಅಚ್ಚಿನಲ್ಲಿ ಕುಗ್ಗಿದ ಕತ್ತಿನ ಗತಿಯೂ ಇದೇ. ಆದರೆ ಒಮ್ಮೆಯೂ ಹಾರಿಸದ, ಪೆಟ್ಟಿಗೆಯಲ್ಲೇ ಇದ್ದ ತೋಟಾಗಳು ಸೀಳಿದ್ದರೆ? ಬ್ರಿಟಿಷರ ಕಾಲದಲ್ಲಿ ಭಾರತದ ಸೇನೆಯು ಎದುರಿಸಿದ ಸಮಸ್ಯೆ ಇದು. ಕುದುರೆಲಾಯಗಳಲ್ಲಿ ಇರಿಸಿದ್ದ ತೋಟಾಗಳು ಮಳೆಗಾಲದಲ್ಲಿ ತಾವಾಗಿಯೇ ಬಿರಿಯುತ್ತಿದ್ದವು. ಇಂಗ್ಲಿಷಿನಲ್ಲಿ ಇದಕ್ಕೆ ಸೀಸನ್ ಕ್ರ್ಯಾಕಿಂಗ್ ಎಂಬ ಹೆಸರು ಬಂದಿತು.

1921ರಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಇದರ ಗುಟ್ಟನ್ನು ವಿವರಿಸಿದರು. ಕುದುರೆಯ ಮೂತ್ರ ಕೊಳೆತು ಅಮೋನಿಯ ಹುಟ್ಟುತ್ತದೆ. ತೇವದ ಗಾಳಿಯೊಡನೆ ಸೇರಿ ಅದು ಹಿತ್ತಾಳೆಯನ್ನು ತಿನ್ನುತ್ತದೆ. ಆದರೆ ಅಮೋನಿಯವೊಂದೇ ಸಾಲದು, ಲೋಹದೊಳಗೆ ಸೆಳೆತವೂ ಇರಬೇಕು. ಕೋಶವನ್ನು ಅಚ್ಚಿನಲ್ಲಿ ಎಳೆದು ತಯಾರಿಸುವಾಗ ಉಳಿದ ಸೆಳೆತಕ್ಕೆ, ಬಿಗಿಯಾಗಿ ಕೂರಿಸಿದ ಗುಂಡು ಇನ್ನಷ್ಟು ಸೇರಿಸುತ್ತದೆ. ಗಾಡಿಯ ಚಕ್ರಕ್ಕೆ ಕಾಯಿಸಿ ತೊಡಿಸಿದ ಕಬ್ಬಿಣದ ಪಟ್ಟಿ ತಣಿದ ಮೇಲೆ ಹೇಗೆ ಬಿಗಿದಿರುತ್ತದೋ ಹಾಗೆ ಕತ್ತೂ ಬಿಗಿದಿರುತ್ತದೆ. ಸುತ್ತಲಿನ ಸೆಳೆತವು ಲೋಹವನ್ನು ಸೀಳುವುದು ಉದ್ದಕ್ಕೇ ಅಲ್ಲವೇ! ಅಮೋನಿಯವು ಲೋಹದ ಹರಳುಕಣಗಳ ನಡುವಿನ ಗಡಿಗಳಲ್ಲಿ ದಾರಿ ಮಾಡಿಕೊಡುತ್ತದೆ. ಸೆಳೆತವು ಆ ದಾರಿಯನ್ನು ತೆರೆಯುತ್ತ ಹೋಗುತ್ತದೆ.

ಪರಿಹಾರವೂ ಈ ತಿಳಿವಳಿಕೆಯಿಂದಲೇ ಹೊರಟಿತು. ಹಿತ್ತಾಳೆಯನ್ನು ಸುಮಾರು 250ರಿಂದ 300 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದರೆ ಗಟ್ಟಿತನ ಹೆಚ್ಚು ಕುಂದದೆ ಒಳಸೆಳೆತ ಇಳಿಯುತ್ತದೆ. ಸೆಳೆತ ಉಳಿದಿದೆಯೇ ಎಂದು ತಿಳಿಯಲು ಕಾರ್ಖಾನೆಯ ಪ್ರಯೋಗಶಾಲೆಗಳಲ್ಲಿ ಮಾದರಿಯನ್ನು ಪಾದರಸದ ನೈಟ್ರೇಟ್ ದ್ರಾವಣದಲ್ಲಿ ಮುಳುಗಿಸುತ್ತಿದ್ದರು. ಸೆಳೆತವಿದ್ದ ಹಿತ್ತಾಳೆ ಅರ್ಧ ಗಂಟೆಯೊಳಗೆ ಬಿರಿಯುತ್ತಿತ್ತು. ಪಾದರಸವು ವಿಷವಾದ್ದರಿಂದ ಇದು ಮನೆಯಲ್ಲಿ ಮಾಡತಕ್ಕ ಪ್ರಯೋಗವಲ್ಲ.

ಲಾಯಗಳ ಕಾಲ ಮುಗಿದರೂ ಅಮೋನಿಯ ಮರೆಯಾಗಿಲ್ಲ. ಹಿತ್ತಾಳೆಗೆ ಹೊಳಪು ಕೊಡುವ ಕೆಲವು ದ್ರವಗಳಲ್ಲಿ ಅದು ಇಂದಿಗೂ ಉಂಟು. ಅಂಥ ದ್ರವದಿಂದ ಬೆಳಗಿದ ಕೋಶ ಕಣ್ಣಿಗೆ ಹೊಸದರಂತೆ ಕಾಣುತ್ತದೆ. ಗುಂಡು ಕೂರಿಸಿ ಇಟ್ಟ ಕೆಲಕಾಲಕ್ಕೆ ಅದರ ಕತ್ತು ಸೀಳಿದರೆ, ಮದ್ದಿನ ತೂಕವನ್ನು ಎಷ್ಟು ಬಾರಿ ಅಳೆದರೂ ಕಾರಣ ಸಿಗದು.