ಗಣಕ ಕ್ರೀಡೆಯಲ್ಲೊಂದು ಹರಾಜುಕಟ್ಟೆ

ಬಹುಜನರು ಏಕಕಾಲದಲ್ಲಿ ಕೂಡಿ ಆಡುವ ಗಣಕ ಕ್ರೀಡೆಗಳೆಂದರೆ ಬರಿಯ ಕಾಲಹರಣವೆಂಬ ಭಾವನೆ ಹಿರಿಯರಾದ ನಮ್ಮಲ್ಲಿ ಬೇರೂರಿದೆ. ಆದರೆ ಅರ್ಥಶಾಸ್ತ್ರದ ಒಂದು ಪಾಠವು ಅಲ್ಲಿ ಕಣ್ಣಿಗೆ ಕಟ್ಟುವಂತೆ ದೊರೆಯುತ್ತದೆ. ಅಮೆರಿಕದ ಬ್ಲಿಜರ್ಡ್ ಸಂಸ್ಥೆಯು 2012ರ ಮೇ ತಿಂಗಳಲ್ಲಿ ಹೊರತಂದ ‘ಡಯಾಬ್ಲೊ 3’ ಇದಕ್ಕೆ ನಿದರ್ಶನ. ರಾಕ್ಷಸರನ್ನು ಸಂಹರಿಸಿ ಖಡ್ಗ, ಕವಚಗಳನ್ನು ಗಳಿಸುವುದೇ ಅದರ ಆಟ. ಹಾಗೆ ಗಳಿಸಿದುದನ್ನು ಆಟದೊಳಗಿನ ಚಿನ್ನದ ನಾಣ್ಯಕ್ಕಾಗಲಿ, ಕೆಲವು ದೇಶಗಳಲ್ಲಿ ನಿಜವಾದ ಹಣಕ್ಕಾಗಲಿ ಹರಾಜಿಗಿಡಲು ಅವಕಾಶವಿತ್ತು. ನಾಣ್ಯದ ಮಾರಾಟದಲ್ಲಿ ಶೇಕಡಾ 15ರಷ್ಟು ಸುಂಕ ಮುರಿದುಕೊಳ್ಳಲಾಗುತ್ತಿತ್ತು.

ಸವಾಲು ಹಾಕುವವನು ತಾನು ಕೊಡಬಲ್ಲ ಗರಿಷ್ಠ ಬೆಲೆಯನ್ನು ಗುಟ್ಟಾಗಿ ನಮೂದಿಸಿದರೆ ಸಾಕು. ಎದುರಾಳಿಯನ್ನು ಮೀರಲು ಬೇಕಾದಷ್ಟನ್ನು ಮಾತ್ರ ಯಂತ್ರವೇ ಅವನ ಪರವಾಗಿ ಏರಿಸುತ್ತಿತ್ತು. ಒಬ್ಬನು 1,000 ನಾಣ್ಯ, ಮತ್ತೊಬ್ಬನು 700 ನಾಣ್ಯ ನಮೂದಿಸಿದರೆಂದು ಭಾವಿಸೋಣ. ಮೊದಲನೆಯವನಿಗೆ ವಸ್ತುವು 700ಕ್ಕಿಂತ ತುಸುವೇ ಹೆಚ್ಚಿನ ಬೆಲೆಗೆ ದಕ್ಕುತ್ತದೆ. ಅವನು ತನ್ನ ಮಿತಿಯನ್ನು 800ಕ್ಕೆ ತಗ್ಗಿಸಿದ್ದರೂ ಕೊಡುವ ಬೆಲೆ ಇಳಿಯುತ್ತಿರಲಿಲ್ಲ; 600ಕ್ಕೆ ತಗ್ಗಿಸಿದ್ದರೆ ವಸ್ತುವೇ ಕೈತಪ್ಪುತ್ತಿತ್ತು. ಮನಸ್ಸಿನಲ್ಲಿರುವ ಬೆಲೆಯನ್ನು ಮೀರಿ ನಮೂದಿಸಿದರೋ, ಗೆದ್ದೂ ನಷ್ಟ ಅನುಭವಿಸಬೇಕಾದೀತು. ಆದುದರಿಂದ ನಿಜವಾದ ಬೆಲೆಯನ್ನೇ ಹೇಳುವುದು ಜಾಣತನ. ಮುಚ್ಚಿದ ಸವಾಲುಗಳನ್ನು ಕುರಿತು ವಿಲಿಯಂ ವಿಕ್ರಿಯವರು 1961ರಲ್ಲಿ ತೋರಿಸಿಕೊಟ್ಟ ತತ್ತ್ವವೂ ಇದೇ. ಅವರಿಗೆ 1996ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಸೋಜಿಗದ ಸಂಗತಿ ಬೇರೆಯೇ ಇದೆ. ಹರಾಜು ಸುಗಮವಾಗಿ ನಡೆದಂತೆಲ್ಲ ಆಟವು ಸೊರಗಿತು. ಹೋರಾಡಿ ಪಡೆಯಬೇಕಾದ ಆಯುಧವು ಕಟ್ಟೆಯಲ್ಲಿ ಸುಲಭವಾಗಿ ದೊರೆಯುವಾಗ ಹೋರಾಡುವವರಾರು? ಕಾಯಕವನ್ನು ಬಿಟ್ಟು ಫಲವನ್ನಷ್ಟೇ ಕೊಳ್ಳುವ ದಾರಿ ತೆರೆದಿತ್ತು. ಆಟದ ತಿರುಳಿಗೇ ಇದರಿಂದ ಧಕ್ಕೆಯಾಯಿತೆಂದು ಸಂಸ್ಥೆಯೇ ಒಪ್ಪಿಕೊಂಡು, 2014ರ ಮಾರ್ಚ್ 18ರಂದು ಹರಾಜುಕಟ್ಟೆಯನ್ನು ಮುಚ್ಚಿತು.