ಕೆರೆಯ ಪ್ರದಕ್ಷಿಣೆ

ನಮ್ಮ ಹೊಸೂರು ಸೀಮೆಯು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಪ್ರಸ್ಥಭೂಮಿ. ಊರಿನ ಸಮೀಪದಲ್ಲಿ ಹರಿಯುವ ದಕ್ಷಿಣ ಪಿನಾಕಿನಿಯ ನೀರು ಎತ್ತರದ ಹಳ್ಳಿಗಳಿಗೆ ತಾನಾಗಿ ಏರಿ ಬರಲಾರದು. ಆದುದರಿಂದ ನಮ್ಮ ಪೂರ್ವಿಕರು ತಗ್ಗು ಕಂಡಲ್ಲೆಲ್ಲ ಅಡ್ಡಲಾಗಿ ಮಣ್ಣಿನ ಕಟ್ಟೆ ಹಾಕಿ, ಮಳೆಯ ನೀರನ್ನು ಹಿಡಿದು ನಿಲ್ಲಿಸಿದರು. ಹಳ್ಳಿಹಳ್ಳಿಗೂ ಕಾಣುವ ನಮ್ಮ ಕೆರೆಗಳು ಹುಟ್ಟಿದುದು ಹೀಗೆ.

ಇಂತಹ ಕೆರೆಯೊಂದನ್ನು ಸುತ್ತಿ ಬರುವುದು ಹತ್ತು ವರ್ಷದ ಬಾಲಕನಿಗೂ ಕಷ್ಟವಲ್ಲ. ಆದರೆ ವಿಹಾರಕ್ಕೆ ಹೋದವರಲ್ಲಿ ಬಹುಮಂದಿ ಏರಿಯ ಮೇಲೆ ಕೋಡಿಯವರೆಗೆ ನಡೆದು, ಗಾಳಿ ಸೇವಿಸಿ, ಬಂದ ದಾರಿಯಲ್ಲಿಯೇ ಹಿಂದಿರುಗುವರು. ಅವರು ನೋಡಿದುದು ಅರ್ಧ ಕೆರೆಯನ್ನು ಮಾತ್ರ. ದೇವಾಲಯದಲ್ಲಿ ಮಾಡುವಂತೆ, ನೀರನ್ನು ಬಲಕ್ಕಿಟ್ಟುಕೊಂಡು ಪೂರ್ಣ ಪ್ರದಕ್ಷಿಣೆ ಮಾಡಬೇಕೆಂದು ನಾವು ವಿದ್ಯಾರ್ಥಿಗಳಿಗೆ ಹೇಳುವೆವು.

ಹೊರಡುವ ಮುನ್ನ ಮಾತುಗಳ ವಿಚಾರವೊಂದನ್ನು ತಿಳಿದಿರಬೇಕು. ಗಡಿನಾಡಿನ ಮಕ್ಕಳಿಗೆ ಇದೊಂದು ಸೊಗಸಾದ ಪಾಠ. ನಾವು ‘ಕೆರೆ’ ಎನ್ನುವುದನ್ನು ತಮಿಳರು ‘ಏರಿ’ ಎನ್ನುವರು. ನಾವು ‘ಏರಿ’ ಎನ್ನುವ ಕಟ್ಟೆಯು ಅವರಿಗೆ ‘ಕರೈ’. ಮಾತು ಒಂದೇ ಮನೆಯದು, ಕುಳಿತ ಸ್ಥಳ ಮಾತ್ರ ಬೇರೆ. ನಮ್ಮ ತೂಬು ತಮಿಳಿನಲ್ಲಿ ‘ತೂಂಬು’, ತೆಲುಗಿನಲ್ಲಿ ‘ತೂಮು’. ಮೂರು ಭಾಷೆಯ ರೈತರೂ ಒಂದೇ ಕೆಲಸವನ್ನು ಮಾಡಿದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈಗ ಏರಿಯನ್ನು ಹತ್ತೋಣ. ಅಲೆಯ ಹೊಡೆತಕ್ಕೆ ಮಣ್ಣು ಕರಗದಂತೆ ಒಳಮೈಗೆ ಕಲ್ಲು ಜೋಡಿಸಿರುವುದನ್ನು ಕಾಣಬಹುದು. ಹಳೆಯ ಕೆರೆಗಳಲ್ಲಿ ನೀರಿನೊಳಗೆ ನಿಂತ ಎರಡು ಕಲ್ಲುಕಂಬಗಳೇ ತೂಬಿನ ಗುರುತು. ಅಲ್ಲಿಂದ ಬಿಟ್ಟ ನೀರು ಏರಿಯ ಅಡಿಯಲ್ಲಿ ಸಾಗಿ, ಆಚೆಯ ಅಚ್ಚುಕಟ್ಟಿನ ಗದ್ದೆ, ತೆಂಗಿನ ತೋಟಗಳನ್ನು ಸೇರುತ್ತದೆ. ಏರಿಯ ಒಂದು ಅಂಚಿನಲ್ಲಿ ಕೋಡಿ. ಇದು ಏರಿಗಿಂತ ತಗ್ಗಾಗಿರುವುದೇಕೆ? ಮಣ್ಣಿನ ಏರಿಯ ಮೇಲೆ ನೀರು ಒಮ್ಮೆ ಹರಿಯಿತೆಂದರೆ ಮಣ್ಣನ್ನು ಕೊರೆದು ಕೊಚ್ಚಿಕೊಂಡು ಹೋಗುವುದು. ಹಾಗಾಗುವ ಮೊದಲೇ ಹೆಚ್ಚಿನ ನೀರು ಕಲ್ಲು ಕಟ್ಟಿದ ಕೋಡಿಯಿಂದ ಹೊರಬೀಳಬೇಕು. ಹೆಚ್ಚು ನೀರು ನಿಲ್ಲಲೆಂದು ಕೋಡಿಯನ್ನು ಎತ್ತರಿಸುವುದು ಆಸೆಯ ಕೆಲಸ. ಅದು ಕೆಳಗಿನ ಊರಿಗೆ ಅಪಾಯ.

ಕೋಡಿಯನ್ನು ದಾಟಿ ಮುಂದೆ ನಡೆದವರಿಗೆ ಕೆರೆಯ ಬೇರೊಂದು ಮುಖ ಕಾಣುತ್ತದೆ. ಇಲ್ಲಿ ಏರಿಯಿಲ್ಲ, ಕಲ್ಲಿಲ್ಲ. ನೀರು ತೆಳುವಾಗಿ, ಜೊಂಡು ಬೆಳೆದು, ಕೊಕ್ಕರೆ ನೀರುಕಾಗೆಗಳು ಕುಳಿತಿರುವ ಕೆಸರು. ಕಾಲು ಹೂಳುವ ಭಯವಿರುವುದರಿಂದ ದೂರದ ಗಟ್ಟಿ ನೆಲದಲ್ಲಿಯೇ ನಡೆಯತಕ್ಕದ್ದು. ಮಳೆಯ ನೀರನ್ನು ತರುವ ಕಾಲುವೆ ಬಂದು ಸೇರುವುದು ಈ ಕಡೆಗೇ. ಅದನ್ನು ಹುಡುಕಿರಿ. ಒಮ್ಮೊಮ್ಮೆ ಹೊಸ ಬಡಾವಣೆಯ ಗೋಡೆಗೆ ಅದು ಮುಗಿದುಹೋಗಿರುತ್ತದೆ. ಒಮ್ಮೊಮ್ಮೆ ಮಳೆಯಿಲ್ಲದ ದಿನವೂ ಕಪ್ಪಗೆ ಹರಿಯುತ್ತಿರುತ್ತದೆ. ಏರಿಯನ್ನು ಎಷ್ಟು ಅಂದವಾಗಿ ದುರಸ್ತಿ ಮಾಡಿ ದೀಪ ಹಾಕಿದರೂ, ಕಾಲುವೆ ಮುಚ್ಚಿದ ಕೆರೆ ತುಂಬುವುದೆಂತು? ಏರಿಯಿಂದಲೇ ಹಿಂದಿರುಗಿದವರಿಗೆ ಈ ಸಂಗತಿ ತಿಳಿಯುವುದೇ ಇಲ್ಲ.

ಒಂದು ಕೆರೆಯ ಕೋಡಿ ಮತ್ತೊಂದು ಕೆರೆಯ ಕಾಲುವೆಯೆಂಬುದನ್ನೂ ಮರೆಯಲಾಗದು. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೀರು ವರ್ತೂರು ಕೆರೆಗೂ, ಅಲ್ಲಿಂದ ದಕ್ಷಿಣ ಪಿನಾಕಿನಿಗೂ ಸೇರಿ, ನಮ್ಮ ಕೆಲವರಪಳ್ಳಿ ಜಲಾಶಯಕ್ಕೆ ಇಳಿಯುತ್ತದೆ. ಜಲಾಶಯದ ಬಾಗಿಲು ತೆರೆದಾಗ ನದಿಯಲ್ಲಿ ಬೆಟ್ಟದಂತೆ ಏಳುವ ನೊರೆಯನ್ನು ಕಂಡ ಮಕ್ಕಳು ಮೊದಮೊದಲು ಚಪ್ಪಾಳೆ ತಟ್ಟುವರು. ಅದು ಸಾಬೂನು ಮೊದಲಾದ ಕಲ್ಮಷಗಳಿಂದ ಎದ್ದ ನೊರೆಯೆಂದು ಹೇಳಿಕೊಡುವುದು ಹಿರಿಯರ ಕೆಲಸ.

ತಂದೆತಾಯಿಗಳಲ್ಲಿ ಒಂದು ವಿಜ್ಞಾಪನೆ. ಮಕ್ಕಳನ್ನು ಒಂಟಿಯಾಗಿ ಕಳುಹಿಸಬಾರದು. ಈಜು ಬಲ್ಲವರೊಬ್ಬರು ಜೊತೆಯಲ್ಲಿರಲಿ. ಮೊದಲ ನಡಿಗೆಗೆ ಊರ ಕೆರೆಯೇ ಸಾಕು. ಜವಳಗಿರಿ, ಡೆಂಕಣಿಕೋಟೆಯ ಕಡೆಯ ಕಾಡಿನ ಕೆರೆಗಳು ಆನೆಗಳ ನೀರಿನ ನೆಲೆಗಳು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿಗೆ ಕಾಲಿಡತಕ್ಕದ್ದಲ್ಲ. ರಾಗಿ ಬಲಿಯುವ ಕಾಲದಲ್ಲಿ ಆನೆಗಳು ಸಾನಮಾವಿನವರೆಗೂ ಬರುವುದುಂಟಾದ್ದರಿಂದ, ಆಗ ಕಾಡಂಚಿನ ಹಳ್ಳಿಗಳಲ್ಲಿ ಬೆಳಗಿನ ಜಾವದ ನಡಿಗೆಯೂ ಬೇಡ.

ನಡೆದು ಬಂದವರು ಒಂದು ಹಾಳೆಯ ಮೇಲೆ ಕೆರೆಯ ನಕ್ಷೆಯನ್ನು ಬರೆದು, ಏರಿ, ತೂಬು, ಕೋಡಿ, ಕಾಲುವೆಗಳನ್ನು ಗುರುತಿಸಲಿ. ಕಾಲುವೆ ಸಿಕ್ಕದಿದ್ದರೆ ಆ ಜಾಗವನ್ನು ಖಾಲಿ ಬಿಟ್ಟು, ಅದು ಹಿಂದೆ ಎಲ್ಲಿತ್ತೆಂದು ಮನೆಯ ಅಜ್ಜ ಅಜ್ಜಿಯರನ್ನು ಕೇಳಿ ತುಂಬಲಿ.