ನಲವತ್ತಮೂರನೆಯ ನಂಬರಿನ ಕಾರು

ಹಬ್ಬ ಹತ್ತಿರ ಬಂದಾಗ ನಮ್ಮ ಹಳ್ಳಿಗಳಲ್ಲಿ ಮನೆಗಳಿಗೆ ಸುಣ್ಣ ಬಳಿಯುವುದುಂಟು. ಕೆಲಸ ಬಲ್ಲವನು ಬಂದೊಡನೆ ಕುಂಚವನ್ನು ಕೈಗೆತ್ತಿಕೊಳ್ಳುವುದಿಲ್ಲ. ಮೊದಲು ಹಳೆಯ ಸುಣ್ಣವನ್ನು ಕೆರೆಯುತ್ತಾನೆ, ಧೂಳು ಗುಡಿಸುತ್ತಾನೆ, ಬಿರುಕುಗಳನ್ನು ತುಂಬುತ್ತಾನೆ. ಮನೆಯ ಮಕ್ಕಳಿಗೆ ಇದೆಲ್ಲ ಕಾಲಹರಣವೆಂದು ತೋರುತ್ತದೆ. ಆದರೆ ವರ್ಷ ಕಳೆದ ಮೇಲೆ ಯಾವ ಗೋಡೆಯ ಸುಣ್ಣ ನಿಂತಿದೆ, ಯಾವುದು ಹಕ್ಕಳೆಯಾಗಿ ಉದುರಿದೆ ಎಂಬುದನ್ನು ನೋಡಿದರೆ ಆ ಕೆರೆತದ ಬೆಲೆ ತಿಳಿಯುತ್ತದೆ. ಈ ಹಳೆಯ ಪಾಠವನ್ನು ನಾನು ಮತ್ತೊಮ್ಮೆ ಕಲಿತದ್ದು ನಮ್ಮ ನಾಡಿನಿಂದ ಬಹುದೂರದ ಊರಿನಲ್ಲಿ, ಗೇಣುದ್ದದ ಒಂದು ಆಟದ ಕಾರಿನಿಂದ.

ಅಮೆರಿಕದ ಉತ್ತರ ಕರೋಲಿನ ರಾಜ್ಯದ ಷಾರ್ಲಟ್ ನಗರದಲ್ಲಿ ನನ್ನ ಮಗಳ ಸಂಸಾರವಿದೆ. ಆ ನಗರ ‘ಸ್ಟಾಕ್ ಕಾರ್’ ಪಂದ್ಯಗಳಿಗೆ ಹೆಸರಾದುದು. ಅಂಗಡಿಯಲ್ಲಿ ಮಾರಾಟಕ್ಕಿಟ್ಟಂತಹ ಕಾರುಗಳನ್ನೇ ಮೊದಮೊದಲು ಓಡಿಸುತ್ತಿದ್ದುದರಿಂದ ಈ ಹೆಸರು ಬಂದಿತು. ಪಂದ್ಯಗಳನ್ನು ನಡೆಸುವ ‘ನ್ಯಾಸ್ಕಾರ್’ ಸಂಸ್ಥೆ 1948ರಲ್ಲಿ ಸ್ಥಾಪಿತವಾಯಿತು. ಅದರ ಮುಖ್ಯ ಶ್ರೇಣಿಯ ಮೊದಲನೆಯ ಪಂದ್ಯ 1949ರ ಜೂನ್ ತಿಂಗಳಲ್ಲಿ ಷಾರ್ಲಟ್‌ನಲ್ಲಿಯೇ ನಡೆಯಿತು. ಇಂದಿನ ಕಾರುಗಳಾದರೋ ಪಂದ್ಯಕ್ಕಾಗಿಯೇ ಕಟ್ಟಿದವು. ಅವುಗಳ ಮುಂಭಾಗದಲ್ಲಿ ದೀಪಗಳಂತೆ ಕಾಣುವುವು ನಿಜವಾದ ದೀಪಗಳಲ್ಲ, ಬರಿಯ ಅಂಟುಚಿತ್ರಗಳು!

ನನ್ನ ಮೊಮ್ಮಗನಿಗೆ ಹದಿನಾಲ್ಕು ವರ್ಷ, ನಿಮ್ಮ ಓರಗೆಯವನೇ. ನಾನು ಅಲ್ಲಿಗೆ ಹೋಗಿದ್ದಾಗ ಅವನು ಶಾಲೆಯ ಪ್ರದರ್ಶನಕ್ಕಾಗಿ ಪ್ಲಾಸ್ಟಿಕ್ಕಿನ ಮಾದರಿ ಕಾರೊಂದನ್ನು ಮಾಡುತ್ತಿದ್ದನು. ಅದು ರಿಚರ್ಡ್ ಪೆಟ್ಟಿ ಎಂಬ ಸುಪ್ರಸಿದ್ಧ ಪಂದ್ಯಗಾರ 1970ರಲ್ಲಿ ಓಡಿಸಿದ ‘ಪ್ಲಿಮತ್ ಸೂಪರ್‌ಬರ್ಡ್’ ಕಾರಿನ ಪ್ರತಿರೂಪ. ಚೂಪಾದ ಮೂತಿ, ಹಿಂಭಾಗದಲ್ಲಿ ಎತ್ತರವಾದ ರೆಕ್ಕೆ. ಮೂಲ ಕಾರಿನ ಉದ್ದ ಐದೂವರೆ ಮೀಟರಿಗಿಂತ ತುಸು ಹೆಚ್ಚು. ಮಾದರಿಯು ಅದರ ಇಪ್ಪತ್ತೈದರಲ್ಲಿ ಒಂದು ಪಾಲು, ಎಂದರೆ ಸುಮಾರು 22 ಸೆಂಟಿಮೀಟರ್.

ಪೆಟ್ಟಿ ಒಟ್ಟು 200 ಪಂದ್ಯಗಳನ್ನು ಗೆದ್ದು, ಏಳು ಬಾರಿ ವರ್ಷದ ಚಾಂಪಿಯನ್ ಆದವನು, 1992ರಲ್ಲಿ ನಿವೃತ್ತನಾದನು. ಅವನ ತಂದೆ ಲೀ ಪೆಟ್ಟಿಯೂ ಹೆಸರಾಂತ ಪಂದ್ಯಗಾರ. ತಂದೆಯ ಕಾರಿನ ನಂಬರು 42, ಮಗನದು 43. ಮಗನ ಕಾರಿನ ತಿಳಿನೀಲಿಗೆ ‘ಪೆಟ್ಟಿ ನೀಲಿ’ ಎಂದೇ ಹೆಸರು. ಆ ಬಣ್ಣ ಹುಟ್ಟಿದ ಬಗೆ ಸ್ವಾರಸ್ಯವಾಗಿದೆ. ಒಮ್ಮೆ ಕಾರಿಗೆ ಬಳಿಯಲು ನೀಲಿಯೂ ಸಾಕಾಗುವಷ್ಟಿರಲಿಲ್ಲ, ಬಿಳಿಯೂ ಇರಲಿಲ್ಲವಂತೆ. ಎರಡನ್ನೂ ಬೆರೆಸಿದಾಗ ಈ ಬಣ್ಣ ಬಂದಿತೆಂದು ಆ ಮನೆಯವರು ಹೇಳುತ್ತಾರೆ. 1972ರಲ್ಲಿ ಹಣ ಒದಗಿಸಲು ಮುಂದೆ ಬಂದ ‘ಎಸ್‌ಟಿಪಿ’ ಕಂಪನಿ, ಕಾರು ಪೂರ್ತಿ ತನ್ನ ಕೆಂಪು ಬಣ್ಣದಲ್ಲಿರಬೇಕೆಂದು ಬಯಸಿತು. ಪೆಟ್ಟಿ ಒಪ್ಪಲಿಲ್ಲ. ಕೊನೆಗೆ ಕೆಂಪಿನ ಜೊತೆಗೆ ನೀಲಿಯೂ ಉಳಿಯಿತು. ಕೊರತೆಯಲ್ಲಿ ಹುಟ್ಟಿದ ಬಣ್ಣ ಹೀಗೆ ಒಂದು ಮನೆತನದ ಗುರುತಾಯಿತು.

ಆ ನೀಲಿಯನ್ನು ಮಾದರಿಗೆ ಹಚ್ಚುವುದು ನಾನು ಎಣಿಸಿದಷ್ಟು ಸುಲಭವಾಗಿರಲಿಲ್ಲ. ಅಚ್ಚಿನಿಂದ ಬಂದ ಪ್ಲಾಸ್ಟಿಕ್ಕಿನ ಮೇಲೆ ಕಣ್ಣಿಗೆ ಕಾಣದ ಜಿಡ್ಡು ಇರುತ್ತದೆ. ಆದುದರಿಂದ ಹುಡುಗನು ಮೊದಲು ಕಾರಿನ ಒಡಲನ್ನು ಸಾಬೂನು ನೀರಿನಲ್ಲಿ ತೊಳೆದು ಆರಲು ಬಿಟ್ಟನು. ಅಚ್ಚಿನ ಗೆರೆಗಳನ್ನು ನುಣುಪಾದ ಉಪ್ಪುಕಾಗದದಿಂದ ಉಜ್ಜಿ ತೆಗೆದನು. ಅನಂತರ ಬಿಳಿಯ ಪ್ರೈಮರ್ ಹಚ್ಚಿದನು. ಬಣ್ಣ ಕಚ್ಚಿಕೊಳ್ಳಲು ಇದೇ ಆಧಾರ. ತಿಳಿಯಾದ ಬಣ್ಣಕ್ಕೆ ಕಾಂತಿ ಬರುವುದೂ ಕೆಳಗಿನ ಈ ಬಿಳುಪಿನಿಂದಲೇ.

ಬಣ್ಣವನ್ನು ತುಂತುರಾಗಿ ಸಿಂಪಡಿಸುವ ಡಬ್ಬಿ ಅವನಲ್ಲಿತ್ತು. ಅದರ ಹೊಗೆಯಂತಹ ಕಣಗಳು ಶ್ವಾಸಕೋಶಕ್ಕೆ ಕೆಟ್ಟವು. ಬೆಂಕಿ ತಗುಲಿದರೆ ಹೊತ್ತಿಕೊಳ್ಳುವಂತಹವು. ಆದುದರಿಂದ ಅವನು ಮುಖಗವಸು ತೊಟ್ಟು, ಗಾಳಿಯಾಡುವ ಕಡೆ, ಬೆಂಕಿಯಿಂದ ದೂರದಲ್ಲಿ ಕೆಲಸ ಮಾಡಿದನು. ತುಂತುರನ್ನು ಕಾರಿನ ಆಚೆಯೇ ಆರಂಭಿಸಿ, ಒಂದೇ ವೇಗದಲ್ಲಿ ಅದರ ಮೇಲೆ ಹಾಯಿಸಿ, ಈಚೆ ದಾಟಿದ ಮೇಲೆ ನಿಲ್ಲಿಸುತ್ತಿದ್ದನು. ಕೈ ಒಂದೆಡೆ ನಿಂತರೆ ಬಣ್ಣ ದಪ್ಪವಾಗಿ ಕೂಡಿ ಇಳಿಯುತ್ತದೆ.

‘ಒಂದೇ ಸಲ ದಪ್ಪವಾಗಿ ಹಚ್ಚಿ ಮುಗಿಸಬಾರದೇನು?’ ಎಂದು ಕೇಳಿದೆ.

‘ಲೆಕ್ಕ ಹಾಕಿ ನೋಡಿ, ತಾತ. ಇಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಪಾಲು ದಪ್ಪವಾದರೆ, ದೊಡ್ಡ ಕಾರಿನಲ್ಲಿ ಎರಡೂವರೆ ಮಿಲಿಮೀಟರ್ ಆದಂತೆ. ಬಾಗಿಲಿನ ಸಂದುಗಳೇ ಮುಚ್ಚಿಹೋಗುತ್ತವೆ’ ಎಂದನು. ನಾನು ಸುಮ್ಮನಾದೆ.

ತೆಳುವಾದ ಮೂರು ಲೇಪಗಳಾದವು. ಪ್ರದರ್ಶನಕ್ಕೆ ಎರಡೇ ದಿನ ಉಳಿದಿದ್ದವು. ಬಣ್ಣ ಆರಿದಂತೆ ಕಂಡಿತು. ಹುಡುಗನು ಆಸೆಯಿಂದ ಕಾರನ್ನು ಎತ್ತಿ ಬೆಳಕಿಗೆ ಹಿಡಿದನು. ಕೆಳಗಿಟ್ಟಾಗ ಎಡಬಾಗಿಲ ಮೇಲೆ ಅವನ ಹೆಬ್ಬೆರಳಿನ ಗುರುತು ಸ್ಪಷ್ಟವಾಗಿ ಮೂಡಿತ್ತು! ಮೇಲೆ ಆರಿದ್ದ ಬಣ್ಣ ಒಳಗೆ ಇನ್ನೂ ಮೆತ್ತಗಿತ್ತು. ಅವನ ಮುಖ ಬಾಡಿತು.

ಅವನನ್ನು ಸಂತೈಸಲು, ‘ಹೋಗಲಿ ಬಿಡು, ಮಗು. ಬಾಗಿಲ ಮೇಲೆ ಹೇಗೂ ನಲವತ್ತಮೂರು ಎಂಬ ಅಂಕಿ ಬರುತ್ತದೆ. ಗುರುತು ಅದರ ಕೆಳಗೆ ಮುಚ್ಚಿಹೋಗುತ್ತದೆ’ ಎಂದೆ. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿದ ಉಪಾಧ್ಯಾಯನ ಬಾಯಿಂದ ಬಂದ ಮಾತು ಅದು!

ಅವನು ಮಾತನಾಡದೆ ಒಳಗೆ ಹೋಗಿ, ತಾನು ಹಿಂದೆ ಮಾಡಿದ್ದ ಇನ್ನೊಂದು ಕಾರನ್ನು ತಂದನು. ಅದರ ಅಂಕಿಯ ಅಂಚಿನಲ್ಲಿ ಬೂದಿ ಬಳಿದಂತೆ ಬೆಳ್ಳಗಿನ ಕಲೆಯಿತ್ತು. ‘ಡೆಕಾಲ್ ತಪ್ಪನ್ನು ಮುಚ್ಚುವುದಿಲ್ಲ ತಾತ, ಎತ್ತಿ ತೋರಿಸುತ್ತದೆ’ ಎಂದನು.

ಡೆಕಾಲ್ ಎಂದರೆ ಕಾಗದದ ಮೇಲೆ ನೀರಿನಲ್ಲಿ ಕರಗುವ ಅಂಟು ಸವರಿ, ಅದರ ಮೇಲೆ ಬಹು ತೆಳುವಾದ ಪೊರೆಯಲ್ಲಿ ಮುದ್ರಿಸಿದ ಚಿತ್ರ. ಕೆಳಗಿನ ಮೈ ಒರಟಾಗಿದ್ದರೆ ಆ ಪೊರೆ ಪೂರ್ತಿ ಅಂಟದೆ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಬೆಳಕು ಬಿದ್ದಾಗ ಆ ಗಾಳಿಯೇ ಬೆಳ್ಳಿಯಂತೆ ಹೊಳೆದು ಒಳಗಿನ ದೋಷವನ್ನು ಹೊರಗೆ ಸಾರುತ್ತದೆ.

ಆ ಸೋಮವಾರದ ಪ್ರದರ್ಶನಕ್ಕೆ ಕಾರು ಹೋಗಲಿಲ್ಲ. ಹುಡುಗನಿಗೆ ದುಃಖವಾಗದೆ ಇರಲಿಲ್ಲ. ಆದರೂ ಅವನು ಒಂದು ವಾರ ಕಾರನ್ನು ಮುಟ್ಟಲಿಲ್ಲ. ಮೂಗಿನ ಬಳಿ ಹಿಡಿದರೂ ಬಣ್ಣದ ವಾಸನೆ ಬಾರದಾದಾಗ ಅದು ಗಟ್ಟಿಯಾಯಿತೆಂದು ತಿಳಿದು, ಅತಿ ನುಣುಪಾದ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ಬಾಗಿಲನ್ನು ಮೆಲ್ಲನೆ ಉಜ್ಜಿದನು. ಗುರುತು ಮಾಯವಾಯಿತು. ಮತ್ತೆ ನೀಲಿ ಹಚ್ಚಿ, ಅದು ಗಟ್ಟಿಯಾಗುವವರೆಗೆ ಕಾದು, ಮೇಲೆ ಹೊಳಪಿನ ಲೇಪ ಕೊಟ್ಟನು.

ಅದೂ ಚೆನ್ನಾಗಿ ಆರಿದ ಮೇಲೆ ಒಂದು ಸಂಜೆ ಡೆಕಾಲ್ ಹಚ್ಚಲು ಕುಳಿತನು. ಅಂಕಿಯನ್ನು ಕತ್ತರಿಸಿ, ಇಕ್ಕುಳದಲ್ಲಿ ಹಿಡಿದು, ಉಗುರುಬೆಚ್ಚಗಿನ ನೀರಿನಲ್ಲಿ ಕೆಲವು ಕ್ಷಣ ಅದ್ದಿ ಹೊರಗಿಟ್ಟನು. ಅಂಟು ಸಡಿಲವಾದ ಮೇಲೆ ಒದ್ದೆ ಮಾಡಿದ ಬಾಗಿಲಿನ ಮೇಲಿಟ್ಟು, ಕಾಗದವನ್ನು ಕೆಳಗಿನಿಂದ ಮೆಲ್ಲನೆ ಸರಿಸಿದನು. ಪೊರೆ ನೀರಿನ ಮೇಲೆ ತೇಲುತ್ತಿರುವಷ್ಟು ಹೊತ್ತು ಅದನ್ನು ಅತ್ತಿತ್ತ ಸರಿಸಬಹುದು. ಹರಿದರೆ ಮಾತ್ರ ಮತ್ತೊಂದಿಲ್ಲ. ಸ್ಥಾನ ಸರಿಯಾದಾಗ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒತ್ತಿ ನೀರನ್ನೂ ಗಾಳಿಯನ್ನೂ ಹೊರದೂಡಿದನು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ನೀಲಿಯ ಮೇಲೆ ಬಿಳಿಯ ನಲವತ್ತಮೂರು, ಕುಂಚದಿಂದ ಬರೆದಂತೆ ನಿಂತಿತು. ಎಲ್ಲಿಯೂ ಬೆಳ್ಳಗಿನ ಕಲೆಯಿರಲಿಲ್ಲ. ಎಲ್ಲ ಡೆಕಾಲ್‌ಗಳೂ ಒಣಗಿದ ಮೇಲೆ ಅವುಗಳ ರಕ್ಷಣೆಗೆ ಪಾರದರ್ಶಕವಾದ ಮತ್ತೊಂದು ತೆಳು ಲೇಪ ಬಿದ್ದಿತು.

ಆ ಕಾರಿಗೆ ಬಹುಮಾನ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಅದು ಈಗ ಹುಡುಗನ ಮೇಜಿನ ಮೇಲಿದೆ. ನೋಡಿದವರು ಮೆಚ್ಚುವುದು ಅಂಕಿಯನ್ನು, ನೀಲಿಯನ್ನು. ಅದರ ಕೆಳಗಿನ ತೊಳೆತ, ಉಜ್ಜುವಿಕೆ, ಬಿಳಿಯ ಲೇಪ, ವಾರದ ಕಾಯುವಿಕೆ ಯಾರಿಗೂ ಕಾಣವು. ಕಾಣದ ಆ ಕೆಲಸವೇ ಕಾಣುವ ಅಂದವನ್ನು ಹೊತ್ತು ನಿಂತಿದೆ. ನಾವು ಕಲಿಯುವ ವಿದ್ಯೆಗೂ ಈ ಮಾತು ಸಲ್ಲುತ್ತದೆ. ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬ ಗಾದೆಯನ್ನು ನಾನು ಎಷ್ಟೋ ತರಗತಿಗಳಲ್ಲಿ ವಿವರಿಸಿದ್ದೆ. ಅದರ ಅರ್ಥವನ್ನು ನನಗೆ ತಿಳಿಸಿಕೊಟ್ಟವನು ಹದಿನಾಲ್ಕು ವರ್ಷದ ಹುಡುಗ.

ಅಭ್ಯಾಸ

1. ಸ್ಟಾಕ್ ಕಾರ್ ಪಂದ್ಯಗಳಿಗೆ ಆ ಹೆಸರು ಹೇಗೆ ಬಂದಿತು?
2. ‘ಪೆಟ್ಟಿ ನೀಲಿ’ ಹುಟ್ಟಿದ ಮತ್ತು ಉಳಿದ ಬಗೆಯನ್ನು ವಿವರಿಸಿರಿ.
3. ಬಣ್ಣವನ್ನು ತೆಳುವಾದ ಲೇಪಗಳಲ್ಲಿ ಹಚ್ಚಬೇಕು, ಏಕೆ?
4. ‘ಡೆಕಾಲ್ ತಪ್ಪನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ.’ ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.
5. ಪ್ರದರ್ಶನ ತಪ್ಪಿದರೂ ಹುಡುಗನು ಮಾಡಿದ್ದು ಸರಿಯೇ? ನಿಮ್ಮ ಅಭಿಪ್ರಾಯವನ್ನು ಬರೆಯಿರಿ.